ಕನ್ನಡಿಯೊಳಗಿನ ಎಡಗೈ

ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಗಲ್ಲಿ.
ನನ್ನ ಅಂಗಡಿಯ ಬೋರ್ಡು ತೆಲುಗು, ಒಳಗಿನ ಮಾತು ಕನ್ನಡ,
ಎರಡು ಕುರ್ಚಿ, ಒಂದರ ಹಿಡಿಕೆ ಅಲುಗಾಡುತ್ತದೆ.
ಮೂವತ್ತೊಂದು ವರ್ಷದಿಂದ ಜನರ ಕೊರಳು ನನ್ನ ಕೈಯಲ್ಲಿ;
ಯಾರೂ ಹೆದರಿಲ್ಲ.

ಟೀವಿ ತಂದವನು ಅಳಿಯ.
'ಕಾಯೋರಿಗೆ ಬ್ಯಾಸರ ಆಗಬಾರ್ದು ಮಾವಾ' ಅಂತ
ಹಿಂದಿನ ಗೋಡೆಗೆ ಮೊಳೆ ಹೊಡೆದ.
ಹಾಗಾಗಿ ಕುರ್ಚಿಯಲ್ಲಿ ಕೂತವನು
ಲೋಕವನ್ನೆಲ್ಲ ಕನ್ನಡಿಯೊಳಗೇ ನೋಡಬೇಕು.
ಅಲ್ಲಿ ಅಕ್ಷರಗಳು ಬೆನ್ನು ತಿರುಗಿಸಿ ಓಡುತ್ತವೆ,
ತೆಲುಗೂ ಕನ್ನಡವೂ ಆಗ ಒಂದೇ: ಎರಡೂ ಓದಲಾಗದ್ದು.
ಉಳಿಯುವುದು ಕೆಂಪು ಪಟ್ಟಿ, ಕಿರುಚಾಟ,
ಮತ್ತೆ ಮತ್ತೆ ಏಳುವ ಒಂದು ಕೈ.

ಆ ವಾರ ತೋರಿಸಿದ್ದು ಬಸ್‌ಸ್ಟ್ಯಾಂಡಿನ ಒಂದು ಜಗಳ.
ಯಾವ ಊರೋ, ಯಾವ ವರ್ಷದ್ದೋ.
ಚಿಲ್ಲರೆ ಕೇಳಿದ ಕಂಡಕ್ಟರನ ಕಪಾಳಕ್ಕೆ ಒಬ್ಬ ಬಿಗಿಯುತ್ತಾನೆ.
ನಿಧಾನಕ್ಕೆ ಒಮ್ಮೆ. ಕೆಂಪು ವೃತ್ತ ಬರೆದು ಇನ್ನೊಮ್ಮೆ.
ಚೀಲದ ನಾಣ್ಯ ಹಾರುವುದಕ್ಕೇ ಬೇರೆ ಸಂಗೀತ.
ನಾನೊಂದು ಗಡ್ಡ ಮುಗಿಸುವಷ್ಟರಲ್ಲಿ
ಹನ್ನೊಂದು ಏಟು ಬಿದ್ದಿರುತ್ತಿದ್ದವು.

ಕತ್ತಿ ಹಿಡಿದವನಿಗೆ ಕೆಲವು ಗುಟ್ಟು ತಿಳಿಯುತ್ತವೆ.
ಕಿವಿಯ ಕೆಳಗೆ, ದವಡೆ ತಿರುಗುವಲ್ಲಿ, ಒಂದು ನರ.
ಮೊದಲ ಏಟಿಗೆ ಅದು ಜಿಗಿಯುತ್ತದೆ.
ಐದನೆಯದಕ್ಕೆ ಸುಮ್ಮನಿರುತ್ತದೆ.
ಒಂಬತ್ತನೆಯದಕ್ಕೆ ಕಾಯುತ್ತದೆ,
ನೊರೆಯೊಳಗೆ ತುಟಿ ಸಣ್ಣಗೆ ಅಗಲವಾಗುತ್ತದೆ.
ಆ ನಗು ಬರುವ ಹೊತ್ತಿಗೆ ನಾನು ಕತ್ತಿ ಎತ್ತಿಬಿಡುತ್ತೇನೆ.

ಎಲ್ಲರೂ ಹೀಗೇ ಅಂದರೆ ಸುಳ್ಳು.
ಬಡೇಸಾಬರು ಅದೇ ಕುರ್ಚಿಯಲ್ಲಿ ಅದೇ ಹನ್ನೊಂದು ನೋಡಿ
ಟವೆಲ್ಲು ಕೊಡವುತ್ತ ಕೇಳಿದರು:
'ಪಾಪ, ಚಿಲ್ಲರ ಚೆಲ್ಲಿತಲ್ಲ, ಯಾರರ ಆರಿಸಿ ಕೊಟ್ರೇನಪ?'
ನನಗೆ ಗೊತ್ತಿರಲಿಲ್ಲ.
ಟೀವಿ ಅಷ್ಟು ದೂರ ಹೋಗುತ್ತಿರಲಿಲ್ಲ.

ಭಾನುವಾರ, ಸಾಲು ಬಾಗಿಲವರೆಗೆ.
ಅಂಡಿಗೆ ಹೊರುವ ಉರುಕುಂದಿ, ಹುಸೇನಪ್ಪ;
ಒಂದೇ ಬೀಡಿಗೆ ಇಬ್ಬರು ಒಡೆಯರು.
ತಲೆಯಲ್ಲಿನ್ನೂ ಹತ್ತಿಯ ಎಳೆ, ಎಳೆಯ ವಯಸ್ಸಿಗೇ ನರೆತಂತೆ.
ಪಾಳಿ ನಂದು, ನಂದು ಅಂತ ಮಾತು ಬಂತು.
ಇಂಥದ್ದು ನೂರು ಸಲ ಬಂದಿದೆ,
ಬೈಗುಳದಲ್ಲಿ ಹುಟ್ಟಿ ಚಹಾದಲ್ಲಿ ಕರಗಿದೆ.
ಅವತ್ತು ಕರಗಲಿಲ್ಲ.
ಹುಸೇನಪ್ಪನ ಕೆನ್ನೆಯ ಸದ್ದಿಗೆ ನನ್ನ ಬಾಚಣಿಗೆ ಬಿತ್ತು.
ಟೀವಿಯಲ್ಲಿ ಆಗ ಸೋಪಿನ ಜಾಹೀರಾತು.

ಒಂದೇ ಸಲ. ವೃತ್ತವಿಲ್ಲ, ಸಂಗೀತವಿಲ್ಲ.
ಪೆಟ್ಟು ತಿಂದವ ಕೆನ್ನೆ ಮುಟ್ಟಿಕೊಳ್ಳುವುದನ್ನೂ ಮರೆತು ನಿಂತಿದ್ದ.
ಹೊಡೆದವ ತನ್ನ ಅಂಗೈ ನೋಡುತ್ತಿದ್ದ,
ಯಾರದೋ ಸಾಮಾನು ತನ್ನ ಚೀಲದಲ್ಲಿ ಸಿಕ್ಕವನಂತೆ.

ರಾತ್ರಿ ಕೂದಲು ಗುಡಿಸುವಾಗ ಹೊಳೆಯಿತು:
ಉರುಕುಂದಿ ಬಲಗೈಯವನು.
ಕೊಕ್ಕೆ ಹಿಡಿಯುವುದು ಬಲಗೈಲಿ, ಬೀಡಿ ಬಲಗೈಲಿ,
ನನಗೆ ದುಡ್ಡು ಕೊಡುವುದೂ.
ಹೊಡೆದದ್ದು ಎಡಗೈಲಿ.
ಟೀವಿಯೊಳಗಿನವನೂ ಬಲಗೈಲೇ ಹೊಡೆದಿದ್ದ,
ನಾನು ತಿರುಗಿ ನೋಡಿದ್ದೇನೆ.
ಎಡಗೈ ಇದ್ದದ್ದು ಕನ್ನಡಿಯಲ್ಲಿ ಮಾತ್ರ.

ಓದಿದವರು ಏನೆನ್ನುತ್ತಾರೋ.
ಬಾಕಿ ಕೂಲಿ, ಬಿಸಿಲು, ಮೇಸ್ತ್ರಿಯ ಬೈಗುಳ ಎಲ್ಲ ಸೇರಿತ್ತು ಅನ್ನಬಹುದು.
ಸೇರಿತ್ತು.
ಆದರೆ ಕೈ?

ಟೀವಿ ಬಿಚ್ಚಿ ಮನೆಗೆ ಒಯ್ದು
ಮಂಚದ ಕೆಳಗೆ, ಗೋಡೆಗೆ ಮುಖ ಮಾಡಿ ಇಟ್ಟೆ.
ಅರ್ಧ ಗಿರಾಕಿ ಎದುರಂಗಡಿಗೆ ನಡೆದರು.
ಬುಧವಾರ ಮೊಮ್ಮಗ ನನ್ನ ಹಳೆಯ ಕತ್ತಿ ತೆಗೆದು
ಪೆನ್ಸಿಲು ಕೆತ್ತುತ್ತಿದ್ದ.
ಕೈ ಎತ್ತಿದೆ.
ಎತ್ತಿದಲ್ಲೇ ನಿಲ್ಲಿಸಿ
ಯಾವ ಕೈ ಎಂದು ನೋಡಿದೆ.
ಅವನೂ ಅದನ್ನೇ ನೋಡುತ್ತಿದ್ದ.