ಮೈಮುರಿಯುವಷ್ಟು

ನಾಯಂಡಹಳ್ಳಿಯ ಶೆಡ್ಡಿನಲ್ಲಿ ಸೀಟೆಲ್ಲ ಕಿತ್ತ ಬಸ್ಸು
ಹಲ್ಲು ಕೀಳಿಸಿಕೊಂಡ ಬಾಯಿ ತೆರೆದೇ ಕೂತಿದೆ.
ಜಬ್ಬಾರ್ ಮೇಸ್ತ್ರಿ ಟೇಪು ನಿಲ್ಲಿಸಿ ಓದುತ್ತಾರೆ:
ಆರಡಿ ಮೂರಿಂಚು, ಬರೀ ತಗಡಿಗೆ.

ಆಮೇಲೆ ಕಳೆಯುವ ಲೆಕ್ಕ.
ನೆಲಕ್ಕೆ ಪ್ಲೈವುಡ್ಡು, ಅದರ ಮೇಲೆ ಮ್ಯಾಟು: ಒಂದಿಂಚು ಹೋಯ್ತು.
ಏಪ್ರಿಲ್ಲಿನ ಬಿಸಿಲಿಗೆ ತಗಡಿನಡಿ ಗಾಜಿನ ಉಣ್ಣೆ,
ಉಣ್ಣೆಯಡಿ ಹಲಗೆ: ಇನ್ನೆರಡು ಹೋಯ್ತು.
ಉಳಿದದ್ದು ಆರಡಿ ಮೇಡಂ.
ಮನೆಯಲ್ಲಿ ಉದ್ದ ಯಾರು?

ಉದ್ದ ನನ್ನ ಮಗಳು.
ಇಂಚರ ಅಂತ ಹೆಸರಿಟ್ಟೆ,
ಹೆಸರಲ್ಲೇ ಇಂಚು ಇರೋದು ಆಗ ಕಾಣಲಿಲ್ಲ.
ಐದಡಿ ಹನ್ನೊಂದೂವರೆ.
ಶ್ರೀರಾಮಪುರದ ವಠಾರದ ಬಾಗಿಲಿಗೆ,
ಬಾಡಿಗೆ ಏರಿದ ಮೇಲೆ ಲಗ್ಗೆರೆಯ ಶೀಟು ಮನೆಗೆ,
ಹಣೆ ಕೊಟ್ಟು ಕೊಟ್ಟು
ಈಗ ಬಾಗಿಲಿಲ್ಲದ ಕಡೆಯೂ ಸ್ವಲ್ಪ ಬಗ್ಗಿಯೇ ನಡೆಯುತ್ತಾಳೆ:
ಬ್ಯಾಂಕಿನಲ್ಲಿ. ಬಯಲಿನಲ್ಲಿ.

ಅರ್ಧ ಇಂಚು ಮಿಗುತ್ತಲ್ಲಮ್ಮ, ಸಾಕು, ಅನ್ನುತ್ತಾಳೆ.
ಮಗಳ ನೆತ್ತಿಗೂ ಮನೆಗೂ ನಡುವೆ
ಎರಡು ರಾಗಿರೊಟ್ಟಿ.

ಎತ್ತಿಸಬಹುದು, ಅಂದರು ಮೇಸ್ತ್ರಿ.
ಕಿಟಕಿಯ ಕಂಬಗಳನ್ನು ಸಾಲಾಗಿ ಕೊಯ್ದು, ಜಾಕಿ ಕೊಟ್ಟು,
ಟೋಪಿ ಎತ್ತಿದ ಹಾಗೆ ಇಡೀ ಛಾವಣಿ.
ಆಮೇಲೆ ರೈಲ್ವೆ ಸೇತುವೆ ಕೆಳಗೆ ನುಗ್ಗೋ ಹಾಗಿಲ್ಲ,
ಹೇಗೂ ತಾವರೆಕೆರೆಗೆ ಒಂದೇ ಸಲ ತಾನೇ, ಸುತ್ತಿಕೊಂಡು ಹೋದರಾಯ್ತು.
ಒಂದೂಮುಕ್ಕಾಲು ಲಕ್ಷ.
ನನ್ನ ಪಿ.ಎಫ್. ಹಣಕ್ಕೆ ಅಷ್ಟು ಎತ್ತರ ಇಲ್ಲ.

ಇಂಥದೇ ಛಾವಣಿಯಡಿ ಇಪ್ಪತ್ತಮೂರು ವರ್ಷ ನಿಂತವಳು ನಾನು.
ಅದರ ಎತ್ತರ ಒಂದು ದಿನವೂ ನೋಡಿರಲಿಲ್ಲ.
ನೋಡುತ್ತಿದ್ದದ್ದು ಕೈಗಳನ್ನ:
ಕಂಬಿ ಹಿಡಿದ ಕೈ, ಚಿಲ್ಲರೆ ಚಾಚಿದ ಕೈ,
ಕೆಂಗೇರಿ ಬರುವಷ್ಟರಲ್ಲಿ ನಿಂತಲ್ಲೇ ನಿದ್ದೆ ಹೋಗಿ
ತೂಗುವ ಕೈ.
ಶಾಲೆ ರಜೆಯಲ್ಲಿ ಜೊತೆಗೆ ಬರುತ್ತಿದ್ದ ಇವಳು
ಕಂಬಿ ಎಟುಕದೆ ನನ್ನ ಚರ್ಮದ ಚೀಲ ಹಿಡಿದು ನಿಲ್ಲುವಳು;
ಒಂದೊಂದು ಬ್ರೇಕಿಗೂ
ನಾಲ್ಕಾಣೆ ಎಂಟಾಣೆಯೆಲ್ಲ ಬಂದು ನನ್ನ ಸೊಂಟಕ್ಕೆ.

ಆರಡಿ ಸಾಕು ಎಂದುಕೊಂಡೆ.
ಮನೆ ಅಂದಮೇಲೆ ಕೂರೋದು, ಮಲಗೋದು.
ನಿಂತದ್ದು ಸಾಕಾಗಿತ್ತು ನನಗೆ.
ಹೂಂ ಅನ್ನಲು ಬಾಯಿ ತೆರೆದೆ.

ಆಗ ಇಂಚರ, ಸೆಕೆಗೆ,
ಬಿಚ್ಚಿದ ಕೂದಲು ಸುತ್ತಿ ಕಟ್ಟಲು ಎರಡೂ ಕೈ ಎತ್ತಿದಳು.
ಟಣ್.
ಗೆಣ್ಣು ತಗಡಿಗೆ ಬಡಿಯಿತು.
ಸಾರಿ, ಅಂದಳು.
ತಗಡಿಗೆ.

ಇಷ್ಟು ದಿನ ನಾವು ಕೇಳಿದ್ದು ನೆತ್ತಿ ಎಲ್ಲಿಗೆ ಮುಗಿಯುತ್ತೆ ಅಂತ.
ಮತ್ತೆ ಜಡೆ ಹಾಕುವ ಕೈ?
ತಲೆಯ ಮೇಲಿಂದ ಸ್ವೆಟರ್ ಎಳೆಯುವ ಮೊಣಕೈ?
ಬೆಳಗ್ಗೆ ಎದ್ದವಳು ಮೈಮುರಿಯಲು
ಯಾರ ಮನೆಗೆ ಹೋಗಬೇಕು?

ಎರಡು ಬಾಗಿಲ ನಡುವೆ, ನಾನು ಚೀಲ ಹಾಕಿ ನಿಲ್ಲುತ್ತಿದ್ದ ಜಾಗ,
ಅಲ್ಲಿ ಮಾತ್ರ ಕೊಯ್ಯಿರಿ, ಅಂದೆ. ಏಳಡಿ ಉದ್ದಕ್ಕೆ.
ಒಂದೂವರೆ ಅಡಿ ಎತ್ತಿ.
ಉಳಿದದ್ದು ಹಾಗೇ ಇರಲಿ, ಮಲಗಿದವರ ಮೇಲೆ ಎತ್ತರ ಯಾಕೆ.
ಹೊರಗಿಂದ ಗೂನು ಕಾಣುತ್ತೆ ಮೇಡಂ, ಒಂಟೆ ಥರ.
ಕಾಣಲಿ.
ಇವಳ ಬೆನ್ನಿಂದ ಇಳಿದದ್ದು ಎಲ್ಲಾದರೂ ಕೂರಬೇಕಲ್ಲ.

ಮೇಸ್ತ್ರಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು,
ಕತ್ತರಿಸುವ ಲೆಕ್ಕಕ್ಕೆ ಕಂಬಿಯನ್ನೂ ಸೇರಿಸಿ.
ಕಂಬಿ ಇರಲಿ, ಅಂದೆ.
ಯಾಕೆ ಅಂತ ಯಾರೂ ಕೇಳಲಿಲ್ಲ.
ಟವೆಲ್ ಒಣಗಿಸೋಕೆ ಅಂತ
ಉತ್ತರ ಇಟ್ಟುಕೊಂಡಿದ್ದೆ.