ಒಲೆ ಕದಲುವುದಿಲ್ಲ

ಐದನೇ ದಿನ. ಗ್ಯುಮ್ರಿಯಲ್ಲಿ ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.
ಕರಿಕಲ್ಲಿನ ಮನೆಯ ಸೂರಿಂದ ಇಳಿಬಿದ್ದ ಹಿಮದ ಕೋಲು
ತೊಟ್ಟಿಕ್ಕುತ್ತಿಲ್ಲ. ನಾನೂ.

ತಕ್ಕಡಿ ಹೇಳಿತು: ಹುಟ್ಟಿದ ದಿನಕ್ಕಿಂತ
ಮುನ್ನೂರ ಇಪ್ಪತ್ತು ಗ್ರಾಂ ಕಡಿಮೆ.
ಅಷ್ಟು ಹಿಟ್ಟಿಗೆ ಒಂದು ಲಾವಾಶ್,
ತೆಳ್ಳಗೆ ಎಳೆದರೆ ಒಂದೂವರೆ.
ಹದಿನಾಲ್ಕು ವರ್ಷದ ಕೈ ನನ್ನದು, ಕಣ್ಣು ಮುಚ್ಚಿ ಹೇಳಬಲ್ಲೆ.
ಮಗಳ ಮೈಯಿಂದ ಒಂದೂವರೆ ರೊಟ್ಟಿ
ಎಲ್ಲಿಗೆ ಹೋಯಿತೆಂದು ಮಾತ್ರ ಹೇಳಲಾರೆ.

ಮೊದಲು ಗಿಣ್ಣುಹಾಲು, ಹಳದಿ, ಅರ್ಧ ಚಮಚ.
ಆಸ್ಪತ್ರೆಯಲ್ಲಿ ಅಂದರು: ಸಾಕು,
ಅವಳ ಹೊಟ್ಟೆಯೇ ಚೆರ್ರಿ ಹಣ್ಣಿನಷ್ಟು.
ನಾಲ್ಕನೇ ರಾತ್ರಿ ಎದೆ ಕಲ್ಲಾಯಿತು.
ಮಾತಿಗೆ ಹೇಳುವ ಕಲ್ಲಲ್ಲ, ಬಿಸಿ ಕಲ್ಲು,
ಅಂಗಿಯ ನೂಲು ತಾಗಿದರೆ ಉರಿ.
ಹಾಲಿದೆ, ಬಾಗಿಲಿಲ್ಲ.
ತೊಟ್ಟಿನ ತುದಿಯಷ್ಟನ್ನೇ ಕಚ್ಚಿ
ಎರಡು ಸಲ ಎಳೆದು, ಜಾರಿ, ಕೆಂಪಾಗಿ, ಕಿರುಚಿ
ಠಾಣೆಗೆ ದೂರು ಕೊಡುವವಳ ಹಾಗೆ ಮುಷ್ಟಿ ಎತ್ತುತ್ತಾಳೆ.
ಅವಳ ತುಟಿಯಲ್ಲಿ ರಕ್ತ ಕಂಡು
ದೀಪ ಹಾಕಿ ನೋಡಿದೆ: ನನ್ನದೇ.
ಸಮಾಧಾನವಾಯಿತು. ಎಂಥ ಸಮಾಧಾನ!

ಅತ್ತೆ ಜರುಹಿ ಸೋಂಪಿನ ನೀರು ತಂದರು, ಲೋಟದ ಮೇಲೆ ಲೋಟ.
ಕೆಳಗಿನ ಮನೆಯವಳು ಎಲೆಕೋಸಿನ ಎಲೆ.
ಅದನ್ನು ಎದೆಗಿಟ್ಟು ಮಲಗಿದರೆ
ಯಾರೋ ನನ್ನನ್ನು ಸಾರಿಗೆ ಹೆಚ್ಚಿದ ಹಾಗೆ.
ನಕ್ಕೆ. ನಕ್ಕರೆ ಹೊಲಿಗೆ ನೋಯುತ್ತದೆ.
ವಾಚಗಾನ್ ಏನೂ ಹೇಳದೆ
ಹಾಲಿನ ಪುಡಿಯ ಡಬ್ಬಿ ತಂದು ಕಪಾಟಿನಲ್ಲಿಟ್ಟ,
ಹೆಸರು ಗೋಡೆಯ ಕಡೆ ತಿರುಗಿಸಿ.

ಅರ್ಪೆನಿಕ್ ಬಂದಳು, ಮನೆ ಮನೆ ತಿರುಗುವ ನರ್ಸು,
ಬೂಟಿನ ಹಿಮ ಕೊಡವಿ, ಕೈ ಕಾಯಿಸಿಕೊಂಡು,
ತುಸು ಹೊತ್ತು ಸುಮ್ಮನೆ ನೋಡಿದಳು.
"ಬಗ್ಗಿ ಬಗ್ಗಿ ಎದೆಯನ್ನು ಅವಳ ಬಾಯಿಗೆ ತುರುಕುತ್ತೀಯಲ್ಲ,
ಏನು ಕೆಲಸ ನಿನ್ನದು?"
"ಲಾವಾಶ್ ಹಾಕುತ್ತೇನೆ."
"ಒಲೆಯನ್ನು ಹಿಟ್ಟಿನ ಹತ್ತಿರ ಎತ್ತಿಕೊಂಡು ಹೋಗುತ್ತೀಯಾ?"

ತೊನಿರ್ ನೆಲದೊಳಗಿನ ಬಾವಿ, ತಳದಲ್ಲಿ ಕೆಂಡ.
ದಿಂಬಿನ ಮೇಲೆ ಹಾಳೆಯಂತೆ ಹಾಸಿದ ಹಿಟ್ಟು.
ಕಾಯಬೇಕು. ಗೋಡೆ ಬೆಳ್ಳಗಾಗುವ ಗಳಿಗೆ ಗೊತ್ತಿರಬೇಕು.
ಆಮೇಲೆ ಯೋಚಿಸಬಾರದು. ಒಂದೇ ಬೀಸು.
ಕೈ ಅನುಮಾನಿಸಿದರೆ ರೊಟ್ಟಿ ಕೆಂಡಕ್ಕೆ.

ಬೆನ್ನು ಗೋಡೆಗೆ ಒರಗಿಸಿದೆ. ದಿಂಬು ಎತ್ತರಿಸಿದೆ.
ಅವಳ ಹೊಟ್ಟೆ ನನ್ನ ಹೊಟ್ಟೆಗೆ,
ಅವಳ ಮೂಗು ತೊಟ್ಟಿಗೆ ನೇರ.
ಕಾದೆ.
ಪುಟ್ಟ ತುಟಿ. ಚಿಕ್ಕದು. ಇನ್ನೂ ಚಿಕ್ಕದು.
ಆಕಳಿಸುವ ಹಾಗೆ ಅಗಲವಾದಾಗ
ಗಲ್ಲ ಮೊದಲು ತಾಗುವಂತೆ
ಎಳೆದುಕೊಂಡೆ

ಅಂಟಿತು.

ಹತ್ತು ಎಣಿಸುವಷ್ಟು ನೋವು. ಹನ್ನೊಂದಕ್ಕೆ ಇಲ್ಲ.
ಜರುಹಿ ಕುಂಬಳಬೀಜ ಕಡಿಯುವುದು ನಿಲ್ಲಿಸಿದರು.
ಆಗ ಕೇಳಿಸಿತು: ಗುಟುಕ್. ಬಿಡುವು. ಗುಟುಕ್.
ಕಂಕುಳಿಂದ ಇರುವೆಸಾಲು ಹರಿದಂತೆ ಜುಮ್ಮೆಂದು
ಸೊರೆ ಬಿಟ್ಟಿತು,
ಯಾರೂ ಕರೆಯದ ಇನ್ನೊಂದು ಎದೆಯೂ
ಅಂಗಿ ತೋಯಿಸಿತು.

ಎಡಗಡೆ ಇನ್ನೂ ಹಟ.
ಅಂದು ರಾತ್ರಿಯೇ ಮೂರು ಸಲ ರೊಟ್ಟಿ ಕೆಂಡಕ್ಕೆ ಬಿತ್ತು,
ಮೂರೂ ಸಲ ಅತ್ತೆವು, ಇಬ್ಬರೂ.
ಡಬ್ಬಿ ತೆರೆದು ಎರಡು ಚಮಚ ಕಲಸಿ ಕುಡಿಸಿದೆವು.
ಅದರ ಮೇಲೆ ನನಗೆ ಸಿಟ್ಟಿಲ್ಲ;
ಹೆಸರು ಈಚೆ ತಿರುಗಿಸಿಟ್ಟಿದ್ದೇನೆ.

ಇವತ್ತು ಇಪ್ಪತ್ತಮೂರನೇ ದಿನ. ಅರ್ಪೆನಿಕ್ ತಕ್ಕಡಿ ಬಿಚ್ಚುತ್ತಿದ್ದಾಳೆ.
ನಾನು ಅತ್ತ ನೋಡುತ್ತಿಲ್ಲ.
ಅವಳ ಕತ್ತಿನ ಮಡಿಕೆಯಲ್ಲಿ ಮೂಗಿಟ್ಟೆ:
ಹುಳಿಹಾಲು, ನಿನ್ನೆಯ ಹಿಟ್ಟಿನ ವಾಸನೆ.
ಹುದುಗು ಬಂದಿದೆ.