ಒಂದು ಸೇರು ಮಂಡಕ್ಕಿಯ ತೂಕ

ಭಟ್ಟಿಗಳ ಹೊಗೆ ಓಣಿಯಿಂದ ಇನ್ನೂ ಏಳದ ಹೊತ್ತಿಗೆ
ಫಮೀದಾ ಬಂದು ಅಂಗಡಿ ಮುಂದೆ ನಿಂತಳು,
ರೆಪ್ಪೆಯ ಮೇಲೂ ಮಸಿ, ಕೈಯಲ್ಲಿ ದೊಡ್ಡಾಸ್ಪತ್ರೆಯ ಚೀಟಿ.
"ಓದಿ ಹೇಳಕ್ಕ, ತಿನ್ನೋದು ಬರ್ದಾರಂತ."

ರಕ್ತ ಏಳೂವರೆ.
ಸೊಪ್ಪು ದಿನಾ, ಕಾಳು ದಿನಾ, ಮೊಟ್ಟೆ ಒಂದು,
ಹಾಲು, ಖರ್ಜೂರ. ಕೆಳಗೆ ಗೆರೆ ಎಳೆದು: ಚಹಾ ಕಮ್ಮಿ.

"ಇದ್ರಾಗ ನಿನ್ನ ಅಂಗಡ್ಯಾಗ ಏನೈತಿ?"

ತಿರುಗಿದೆ. ಹದಿನಾಲ್ಕು ವರ್ಷಕ್ಕೆ ಮೊದಲ ಸಲ
ಗಿರಾಕಿಯ ಕಣ್ಣಲ್ಲಿ ನೋಡಿದೆ ನನ್ನ ಗೂಡಂಗಡಿಯನ್ನು:
ತೋರಣ ಕಟ್ಟಿದ ಐದು ರೂಪಾಯಿ ಪಾಕೀಟು,
ಮುಕ್ಕಾಲು ಗಾಳಿ, ಉಳಿದದ್ದು ಉಪ್ಪು.
ಚಹಾಪುಡಿ, ಸಕ್ಕರೆ, ಬನ್ನು, ಬಣ್ಣದ ನೀರಿನ ಬಾಟಲಿ.
ಮೇಲೆ ಕಾಳಿನ ಡಬ್ಬಿಯೊಂದಿತ್ತು. ಇಳಿಸಿ, ಧೂಳು ಒರೆಸಿ ತೆಗೆದರೆ
ಒಳಗೆ ಸೂಜಿ, ದಾರ.

ಮೊಟ್ಟೆ ಇಟ್ಟಿದ್ದೆ ಒಂದು ಕಾಲಕ್ಕೆ.
ಟ್ರೇಯಲ್ಲಿ ನಾಲ್ಕು ಒಡೆದರೆ ಲಾಭ ನೆಲದ ಪಾಲು.
ಸೊಪ್ಪು ಮಧ್ಯಾಹ್ನಕ್ಕೇ ಗೋಣು ಚೆಲ್ಲುತ್ತದೆ.
ಪಾಕೀಟಿಗೆ ನಾಲ್ಕು ತಿಂಗಳು ಆಯಸ್ಸು, ತೀರಿದರೆ
ಕಂಪನಿ ಹುಡುಗ ಬಂದು ನಗುನಗುತ್ತ ಬದಲಿ ಕೊಡುತ್ತಾನೆ.
ಬಾಡಿದ ಮೆಂತ್ಯಕ್ಕೆ ಯಾವ ಕಂಪನಿ ಬದಲಿ ಕೊಟ್ಟೀತು?

ಮಾರ್ಕೆಟ್ಟಿಗೆ ಹೋಗು ಎನ್ನಬೇಕೆಂದಿದ್ದೆ.
ಆಟೋಕ್ಕೆ ನಲವತ್ತು, ಸೊಪ್ಪಿನ ಕಟ್ಟಿಗೆ ಹದಿನೈದು.
ನಡೆದು ಹೋಗಲೆಂದರೆ, ಸೊಪ್ಪು ಬಂದಿಳಿಯುವ ನಸುಕಿಗೆ
ಅವಳು ಉಸುಕು ಕಾಸುತ್ತಿರುತ್ತಾಳೆ.
ಬೆಣ್ಣೆಯ ಊರು ಅಂತಾರೆ ದಾವಣಗೆರೆಯನ್ನು.
ಈ ಓಣಿವರೆಗೆ ಅದು ಕರಗಿ ಹರಿದದ್ದನ್ನು ನಾನಂತೂ ಕಂಡಿಲ್ಲ.

"ನನ್ನ ಮಗಳಿಗೆ ಶಾಲ್ಯಾಗ ಮೊಟ್ಟಿ ಕೊಡ್ತಾರ," ಅಂದಳು.
"ನಾನೂ ಹೆಸರು ಹಚ್ಚಲೇನು, ಒಂದನೇ ಕ್ಲಾಸಿಗೆ?"
ನಕ್ಕಳು.
ನಗುವಾಗ ಒಸಡು ಬೆಳ್ಳಗೆ ಕಂಡಿತು.

ಒಂದು ಸೇರು ಅಕ್ಕಿಯನ್ನು ಹತ್ತು ಸೇರು ಮಾಡುವ ಕೈ ಅವಳದು.
ರಾತ್ರಿ ಅದೇ ಮಂಡಕ್ಕಿ, ಒಂದು ಹಸಿಮೆಣಸಿನಕಾಯಿ,
ಲೋಟ ತುಂಬ ಚಹಾ.
"ಹೊಟ್ಟಿ ತುಂಬತೈತಿ ಅಕ್ಕ. ಎದ್ದು ನಿಂತ್ರ ಮಾತ್ರ
ಒಳಗ ಏನೂ ಇಲ್ದಂಗ."
ಮಂಡಕ್ಕಿಯನ್ನು ಸೇರಿನಲ್ಲಿ ಅಳೆಯುತ್ತಾರೆ.
ತಕ್ಕಡಿಯಲ್ಲಿಟ್ಟು ನೋಡಿದವರಿಲ್ಲ.

ಚೀಟಿ ಮಡಚಿ ಸೆರಗಿಗೆ ಗಂಟು ಹಾಕಿ
ಐದು ರೂಪಾಯಿ ಚಹಾಪುಡಿ ಒಯ್ದಳು.

ಮರುದಿನ ಎರಡು ಕಟ್ಟು ರಾಜಗಿರಿ ತಂದಿಟ್ಟೆ.
ಒಂದನ್ನು ಅವಳೇ ಕೊಂಡಳು, ಉದ್ದರಿ.
ಇನ್ನೊಂದು ಸಂಜೆಗೆ ಬಾಡಿತು.
ನಾನೇ ಮನೆಗೊಯ್ದು ಬೇಯಿಸಿದೆ.
ಆ ವಾಸನೆಗೆ ಒಳಗಿನವರೆಲ್ಲ ಎದ್ದು ಬಂದರು,
ನಮ್ಮಲ್ಲಿ ಸೊಪ್ಪು ಬೆಂದು ಎಷ್ಟು ತಿಂಗಳಾಗಿತ್ತೋ.

ನನ್ನ ರಕ್ತ ಎಷ್ಟಿದೆಯೋ,
ಯಾರೂ ನೋಡಿಲ್ಲ.